ಸೋಮವಾರ ಬಂದ ಭಾನುವಾರ

ನಾನು ಪಾತ್ರೆ ಇಟ್ಟರೆ ಸದ್ದಾಗುವುದಿಲ್ಲ. ಇದೇನು ಮಹಾ ವಿದ್ಯೆ ಅಂತ ನಗಬೇಡಿ. ಸ್ಟೀಲ್ ತಟ್ಟೆಯ ಮೇಲೆ ಸ್ಟೀಲ್ ತಟ್ಟೆಯನ್ನು ಸದ್ದಿಲ್ಲದೆ ಇಡುವುದು ಹೇಗೆ ಅಂತ ಒಂದು ಸಲ ನೀವೇ ಪ್ರಯತ್ನ ಮಾಡಿ ನೋಡಿ. ಮೊದಲು ಒಂದು ಅಂಚು ತಾಗಿಸಬೇಕು, ಆಮೇಲೆ ಉಳಿದದ್ದನ್ನು ಮೆಲ್ಲಗೆ ಇಳಿಸಬೇಕು, ಬೆರಳು ಕೊನೆಗೆ ಈಚೆ ಬರಬೇಕು. ಕುಕ್ಕರು ಬುಸುಗುಟ್ಟಿದರೆ ಸಾಕು, ಅದು ಕೂಗುವುದರೊಳಗೆ ಓಡಿಹೋಗಿ ಒಲೆ ಸಣ್ಣ ಮಾಡುತ್ತೇನೆ. ಮದುವೆಯಾದ ಹೊಸದರಲ್ಲಿ ನನ್ನ ಗಂಡ ಎರಡು ಮೂರು ಸಲ ಬೆಚ್ಚಿಬಿದ್ದರು. "ಕಾಲಿಗೇನು ಹತ್ತಿ ಕಟ್ಕೊಂಡಿದೀಯೇನೇ ಮಾರಾಯ್ತಿ? ಬಂದಿದ್ದೂ ಗೊತ್ತಾಗಲ್ಲ, ಹೋಗಿದ್ದೂ ಗೊತ್ತಾಗಲ್ಲ," ಅಂದರು. ನಮ್ಮ ಅತ್ತೆಯಂತೂ ಬಂದವರ ಮುಂದೆಲ್ಲ, "ನಮ್ಮ ಸೊಸೆ ಭಾಳ ನಾಜೂಕು," ಅಂತ ಹೇಳಿಕೊಂಡು ತಿರುಗಿದರು. ನಾನೂ ತಲೆ ತಗ್ಗಿಸಿ ಆ ಹೊಗಳಿಕೆಯನ್ನು ಹಾಗೇ ಸ್ವೀಕರಿಸಿದೆ. ನಾಜೂಕೂ ಇಲ್ಲ, ಮಣ್ಣೂ ಇಲ್ಲ. ನಾನು ಶಿಫ್ಟಿನವರ ಮಗಳು, ಅಷ್ಟೇ.

ಅಪ್ಪ ಭದ್ರಾವತಿಯಲ್ಲಿ ಕಬ್ಬಿಣದ ಕಾರ್ಖಾನೆಯಲ್ಲಿದ್ದರು. ಕಾಸಿ ಕೆಂಪಾದ ಕಬ್ಬಿಣದ ಗಟ್ಟಿಯನ್ನು ಉರುಳೆಗಳ ನಡುವೆ ಒತ್ತಿ ಸರಳು ಮಾಡುವ ಮಿಲ್ಲಿನಲ್ಲಿ ಅವರ ಕೆಲಸ. ಜನ್ನಾಪುರದಲ್ಲಿ ನಮ್ಮದು ಒಂದೇ ಗೋಡೆ ಹಂಚಿಕೊಂಡ ಮನೆಗಳ ಸಾಲು. ಆ ಸಾಲಿನಲ್ಲಿ ಒಂದಲ್ಲ ಒಂದು ಮನೆಯ ಗಂಡಸು ನೈಟ್ ಶಿಫ್ಟ್ ಮುಗಿಸಿ ಬಂದು ಹಗಲು ಮಲಗಿರುತ್ತಿದ್ದ. ಯಾರ ಮನೆಯಲ್ಲಿ ಮಲಗಿದ್ದಾರೆ ಅಂತ ಗೊತ್ತಾಗಲಿ ಅಂತ ಹೆಂಗಸರೇ ಒಂದು ಉಪಾಯ ಮಾಡಿಕೊಂಡಿದ್ದರು: ಬಾಗಿಲ ಚಿಲಕಕ್ಕೆ ಒಂದು ಟವೆಲ್ ಕಟ್ಟುವುದು. ಟವೆಲ್ ಕಂಡರೆ ಯಾರೂ ಬಾಗಿಲು ಬಡಿಯುವ ಹಾಗಿಲ್ಲ. ಮೂಲೆಯ ತನಕ "ದಂಟು, ಹರಿವೆ, ಸಬ್ಬಸಿಗೇ" ಅಂತ ಗಂಟಲು ಹರಿದುಕೊಂಡು ಬರುತ್ತಿದ್ದ ಸೊಪ್ಪಿನವಳು ನಮ್ಮ ಚಿಲಕದಲ್ಲಿ ಟವೆಲ್ ನೋಡಿದ ಕೂಡಲೇ ಗುಟ್ಟು ಹೇಳುವವಳ ಹಾಗೆ, "ಅಮ್ಮಾ... ಸಬ್ಬಸಿಗೆ..." ಅಂತ ಪಿಸುಗುಟ್ಟುತ್ತಿದ್ದಳು. ಪಕ್ಕದ ಮನೆಯ ತಮಿಳಿನ ಸೆಲ್ವಿ ಅಕ್ಕ ನಾವು ಕುಂಟೆಬಿಲ್ಲೆ ಆಡುವಾಗ ಹೊರಗೆ ಬಂದು, "ಏಯ್, ಮೆಲ್ಲ ಮೆಲ್ಲ! ನಿಂ ಅಪ್ಪ ತೂಂಗ್ತಾ ಇದಾರಲ್ಲ!" ಅಂತ ಗದರುತ್ತಿದ್ದಳು. ಆ ಗದರಿಕೆಯೂ ಪಿಸುಮಾತಿನಲ್ಲೇ. ಸದ್ದಿಲ್ಲದೆ ಕುಂಟೆಬಿಲ್ಲೆ ಆಡಿದ ಮಕ್ಕಳನ್ನು ನೀವು ಬೇರೆ ಊರಲ್ಲಿ ನೋಡಿರಲಾರಿರಿ.

ಮನೆಯೊಳಗೆ ಮಾತೇ ಬೇಕಿರಲಿಲ್ಲ. ಬೆರಳು ತುಟಿಯ ಮೇಲೆ, ಆಮೇಲೆ ಅದೇ ಬೆರಳು ಕೋಣೆಯ ಕಡೆಗೆ. ಇಷ್ಟು ಮಾಡಿದರೆ ಮುಗಿಯಿತು, ಎಂಥ ಜಗಳವೂ ಅಲ್ಲೇ ನಿಲ್ಲಬೇಕು. ನನಗೂ ತಂಗಿ ಸುಮಾಳಿಗೂ ಅಮ್ಮ ಅಕ್ಷರ ಕಲಿಸುವ ಮೊದಲು ಕಲಿಸಿದ್ದು ಅದನ್ನೇ. ತಮಾಷೆ ಅಂದರೆ ಕಾರ್ಖಾನೆಯ ಸೈರನ್ನು ದಿನಕ್ಕೆ ಮೂರು ಹೊತ್ತು ಊರಿಗೆ ಊರೇ ಅದುರುವ ಹಾಗೆ ಕೂಗುತ್ತಿತ್ತು. ಅದಕ್ಕೆ ಮಗ್ಗುಲು ಕೂಡ ಬದಲಿಸದ ಅಪ್ಪ ನಮ್ಮ ಚಮಚ ಬಿದ್ದರೆ ಎದ್ದುಬಿಡುತ್ತಾರೆ ಅಂತ ನಾವೆಲ್ಲ ನಂಬಿದ್ದೆವು. ಯಾಕೆ ಹಾಗೆ ನಂಬಿದ್ದೆವೋ, ಯಾರೂ ಕೇಳಲಿಲ್ಲ.

ಇನ್ನು ವಾರದ ರಜೆ. ಅದು ಸರದಿಯ ಮೇಲೆ ಬರುತ್ತಿತ್ತು. ಒಂದು ಸಲ ಬುಧವಾರ ಬಂದರೆ ಇನ್ನೊಂದು ಸಲ ಶುಕ್ರವಾರ. ನಮ್ಮನೆಯಲ್ಲಿ ಅಪ್ಪನಿಗೆ ರಜೆ ಇದ್ದ ದಿನವೇ ಭಾನುವಾರ. ಎಣ್ಣೆ ನೀರು, ಕೋಳಿ ಸಾರು, ಮಧ್ಯಾಹ್ನದ ಇಸ್ಪೀಟು ಎಲ್ಲ ಆವತ್ತೇ. "ಈ ವಾರ ಭಾನುವಾರ ಯಾವತ್ತಮ್ಮಾ?" ಅಂತ ನಾವು ಕೇಳುವುದು, "ಗುರುವಾರ ಕಣೇ," ಅಂತ ಅಮ್ಮ ಹೇಳುವುದು. ಸುಮಾ ಒಂದನೇ ಕ್ಲಾಸಿನಲ್ಲಿದ್ದಾಗ ಮಿಸ್ಸು, "ಭಾನುವಾರ ಆದ್ಮೇಲೆ ಯಾವ ವಾರ?" ಅಂತ ಕೇಳಿದ್ದಕ್ಕೆ, "ಅಪ್ಪಂಗೆ ಯಾವ ಶಿಫ್ಟು ಅಂತ ನೋಡ್ಬೇಕು ಮಿಸ್," ಅಂದಳಂತೆ. ಆ ಮಿಸ್ಸಿನ ಗಂಡನೂ ಕಾರ್ಖಾನೆಯವರೇ, ಹಾಗಾಗಿ ಏಟು ಬೀಳಲಿಲ್ಲ.

ಈಗ ಅಮ್ಮನ ವಿಷಯ ಹೇಳಬೇಕು. ಅಮ್ಮನ ತವರು ಹೊಳಲೂರು. ಅವಳ ಅಣ್ಣ, ಅಂದರೆ ನಮ್ಮ ಸೋದರಮಾವ, ಊರ ಹುಡುಗರನ್ನು ಕಟ್ಟಿಕೊಂಡು ವರ್ಷಕ್ಕೊಂದು ನಾಟಕ ಆಡಿಸುತ್ತಿದ್ದರಂತೆ. ಒಂದು ವರ್ಷ ಆಡಿದ್ದು ರಾಜನ ಕೋಪಕ್ಕೆ ಗುರಿಯಾಗಿ ಕಾಡು ಸೇರಿದ ರಾಣಿಯ ಕಥೆ. ಹೆಣ್ಣುಮಕ್ಕಳು ಸ್ಟೇಜು ಹತ್ತುವ ಮಾತೇ ಇಲ್ಲ. ರಾಣಿ ಪಾರ್ಟು ಮಾಡಿದ್ದು ಮೀಸೆ ಬೋಳಿಸಿಕೊಂಡ ಸೊಸೈಟಿ ಗುಮಾಸ್ತರು. ನೋಡುವುದಕ್ಕೆ ಲಕ್ಷಣವಾಗಿದ್ದರು, ಆದರೆ ಬಾಯಿ ತೆರೆದರೆ ಕೋಣ ಹೆದರಬೇಕು. ಅದಕ್ಕೆ ಮಾವ ಒಂದು ಏರ್ಪಾಡು ಮಾಡಿದರು. ರಾಣಿ ಬಾಯಿ ಆಡಿಸುವುದು, ಹಿಂದಿನ ಪರದೆಯ ಮರೆಯಲ್ಲಿ ನಿಂತು ಹದಿನೇಳು ವರ್ಷದ ನಮ್ಮಮ್ಮ ಹಾಡುವುದು. ಕಾಡಿನಲ್ಲಿ ಮಗುವನ್ನು ಮಲಗಿಸುವ ಜೋಗುಳಕ್ಕೆ ಜನ ಮೂರು ಸಲ ಒನ್ಸ್ ಮೋರ್ ಕೂಗಿದರಂತೆ. ಗುಮಾಸ್ತರು ಮೂರು ಸಲವೂ ಎದ್ದು ಬಂದು ಕೈಮುಗಿದರಂತೆ.

ಈ ಕಥೆಯನ್ನು ಅಮ್ಮ ನಮಗೆ ಹೇಳಿದ್ದೂ ಪಿಸುಮಾತಿನಲ್ಲೇ, ಅಕ್ಕಿ ಆರಿಸುತ್ತಾ. "ಹಾಡಮ್ಮಾ, ಒಂದ್ಸಲ," ಅಂತ ನಾವು ಕಾಡಿದರೆ ಬೆರಳು ತುಟಿಗೆ ಹೋಗುತ್ತಿತ್ತು. ಅಪ್ಪ ಮಲಗಿಲ್ಲದ ದಿನವೂ ಹಾಗೇ. "ಸೆಲ್ವಿ ಮನೆಯೋರು ಮಲಗಿದಾರೆ ಕಣೇ." ಅವರೂ ಮಲಗಿಲ್ಲದಿದ್ದರೆ, "ಈಗೆಂಥ ಹಾಡು, ಸಾರಿಗೆ ಇಡಬೇಕು." ನಾನು ಹುಟ್ಟಿದ ಮೇಲೆ ಅಮ್ಮ ಗಂಟಲು ಬಿಟ್ಟು ಹಾಡಿದ್ದನ್ನು ನಾನು ಕೇಳಿರಲಿಲ್ಲ.

ನಾನು ಒಂಬತ್ತನೇ ಕ್ಲಾಸು ಮುಗಿಸಿದ ಬೇಸಿಗೆ, ತೊಂಬತ್ತರ ದಶಕದ ನಡುವಿನ ಯಾವುದೋ ವರ್ಷ. ಅಪ್ಪ ಒಂದು ಸಂಜೆ ಕಾರ್ಖಾನೆಯಿಂದ ಬಂದವರೇ ಷರ್ಟು ಬಿಚ್ಚುವ ಮೊದಲೇ ಕೂಗಿದರು. ಮಿಲ್ಲಿನ ಗದ್ದಲದಲ್ಲಿ ಮಾತಾಡಿ ಮಾತಾಡಿ ಅವರಿಗೆ ಸಣ್ಣ ದನಿ ಅನ್ನುವುದೇ ಮರೆತುಹೋಗಿತ್ತು. "ಸರೋಜಾ! ಶಿವಮೊಗ್ಗಕ್ಕೆ ನಾಟಕದ ಕಂಪನಿ ಬಂದಿದೆಯಂತೆ! ನಿಮ್ಮೂರಲ್ಲಿ ಆಡಿದ್ರಲ್ಲ ಅದೇ ಕಾಡಿನ ರಾಣಿ ಕಥೆ, ಈ ವಾರ ಅದನ್ನೇ ಆಡ್ತಾರಂತೆ! ಭಾನುವಾರ ಎಲ್ರೂ ಹೋಗೋದು!"

"ಯಾವ ಭಾನುವಾರ?" ಅಂದಳು ಅಮ್ಮ.

"ನಮ್ಮ ಭಾನುವಾರ. ಸೋಮವಾರ!"

ಕಾರ್ಯಕ್ರಮ ಹೀಗೆ: ಬೆಳಿಗ್ಗೆ ಬಸ್ಸಿನಲ್ಲಿ ಶಿವಮೊಗ್ಗ, ಮೊದಲು ಹೊಳೆ ದಂಡೆಯಲ್ಲಿರುವ ಕೆಳದಿ ಅರಸರ ಕಾಲದ ಅರಮನೆ, ಆಮೇಲೆ ಹೋಟೆಲಿನಲ್ಲಿ ಊಟ, ಸಂಜೆ ಆರರ ಆಟ, ಮುಗಿಸಿಕೊಂಡು ವಾಪಸ್ಸು. ನಮ್ಮೂರಿಂದ ಶಿವಮೊಗ್ಗಕ್ಕೆ ಮುಕ್ಕಾಲು ಗಂಟೆ ದಾರಿ ಇರಬಹುದು. ಆದರೆ ಆ ವಾರವೆಲ್ಲ ನಮ್ಮ ಮನೆಯಲ್ಲಿ ನಡೆದ ತಯಾರಿ ನೋಡಿದ್ದರೆ ನೀವು ಕಾಶಿಗೆ ಹೊರಟಿದ್ದಾರೆ ಅಂದುಕೊಳ್ಳುತ್ತಿದ್ದಿರಿ. ಅಮ್ಮ ಮದುವೆಯ ಮಾವಿನಹಣ್ಣಿನ ಬಣ್ಣದ ಸೀರೆ ತೆಗೆದು ಎರಡು ದಿನ ಬಿಸಿಲಿಗೆ ಹಾಕಿದಳು. ನಾನು ಸಮಾಜದ ಪಾಠದಲ್ಲಿ ಕೆಳದಿಯ ಅರಸರ ಬಗ್ಗೆ ಓದಿದ್ದನ್ನೆಲ್ಲ ಒಂದು ನೋಟ್‌ಬುಕ್ಕಿಗೆ ಬರೆದುಕೊಂಡೆ, ಅಲ್ಲಿ ಹೋಗಿ ತಾಳೆ ನೋಡುವುದಕ್ಕೆ. ಆ ವಯಸ್ಸಿನಲ್ಲಿ ನನಗೆ ನನ್ನ ಬಗ್ಗೆ ಇದ್ದ ಗೌರವವನ್ನು ನೆನೆದರೆ ಈಗಲೂ ಮೈ ಜುಂ ಅನ್ನುತ್ತದೆ. ನಮ್ಮೂರ ಹಳೇ ಪೇಟೆಯ ನರಸಿಂಹ ದೇವಸ್ಥಾನದ ಕೆತ್ತನೆ ನೋಡಲು ಎಲ್ಲೆಲ್ಲಿಂದಲೋ ಜನ ಕ್ಯಾಮೆರಾ ಹಾಕಿಕೊಂಡು ಬರುತ್ತಿದ್ದರು. ನಾವು ಅಲ್ಲಿಗೆ ಹೋಗಿದ್ದೆಲ್ಲ ಪುಳಿಯೋಗರೆ ಪ್ರಸಾದಕ್ಕೆ.

ಸೋಮವಾರ ಹತ್ತು ಗಂಟೆಗೆ ನಾವು ನಾಲ್ಕು ಜನ ಅರಮನೆಯ ಗೇಟಿನ ಮುಂದೆ ನಿಂತಿದ್ದೆವು. ಗೇಟಿಗೆ ಬೀಗ. ಒಳಗೆ ಕುರ್ಚಿ ಹಾಕಿಕೊಂಡು ಕೂತಿದ್ದ ಕಾವಲಿನವರು ಪೇಪರಿನಿಂದ ತಲೆ ಎತ್ತಿದರು.

"ಸೋಮವಾರ ರಜಾ ಕಣ್ರೀ."

ಅಪ್ಪನಿಗೆ ಇದು ತಲೆಗೇ ಹೋಗಲಿಲ್ಲ. "ರಜಾ ಅಂತಲೇ ಬಂದಿದೀವಿ ಸ್ವಾಮಿ!" ಅಂದರು.

"ನಿಮಗಲ್ಲ ಮಾರಾಯ್ರೆ, ನಮಗೆ ರಜ. ನಿನ್ನೆ ಬರಬಾರ್ದಿತ್ತಾ? ನಿನ್ನೆ ಭಾನುವಾರ, ಎಷ್ಟೊಂದ್ ಜನ!"

"ನಿನ್ನೆ ನಮಗೆ ಶನಿವಾರ ಕಣ್ರೀ," ಅಂದರು ಅಪ್ಪ, ಬಹಳ ಗಂಭೀರವಾಗಿ.

ಕಾವಲಿನವರು ನಮ್ಮ ನಾಲ್ಕೂ ಜನರ ಮುಖ ನೋಡಿ, ಇವರ ಹತ್ತಿರ ವಾದ ಬೇಡ ಅಂತ ಮತ್ತೆ ಪೇಪರಿಗೆ ಹೋದರು. ಸೋಮವಾರ ಬಾಗಿಲು ಹಾಕಿರುತ್ತಾರೆ ಅಂತ ಊರಿನವರಿಗೆಲ್ಲ ಗೊತ್ತಿತ್ತು. ನಮ್ಮ ಸಾಲಿನವರಿಗೆ ಮಾತ್ರ, ನಮಗೆ ರಜೆ ಇದ್ದ ದಿನ ಪ್ರಪಂಚವೆಲ್ಲ ನಮಗಾಗಿ ಬಾಗಿಲು ತೆರೆದು ಕೂತಿರುತ್ತದೆ ಅನ್ನುವ ಭಾವನೆ. ಸುಮಾ ಅಳುವುದಕ್ಕೆ ತಯಾರಾದಳು. ನಾನು ನೋಟ್‌ಬುಕ್ಕು ಹಿಡಿದುಕೊಂಡು ಗೇಟಿನ ಸಂದಿಯಿಂದಲೇ ನೋಡಿದೆ: ಮರದ ಕಂಬಗಳ ತುದಿ, ಅಂಗಳದಲ್ಲಿ ಸಾಲಾಗಿ ನಿಲ್ಲಿಸಿದ ವೀರಗಲ್ಲುಗಳು. ಅಮ್ಮನೂ ಬಗ್ಗಿ ನೋಡಿದಳು. "ಓ, ಇದಾ! ಇಂಥದ್ದೊಂದು ನಮ್ಮ ಹಿತ್ತಿಲಲ್ಲೇ ಇತ್ತು ಕಣೇ. ಅದಕ್ಕೆ ಎಮ್ಮೆ ಕಟ್ತಿದ್ವಿ," ಅಂದಳು. ಅಪ್ಪ ಗೊಳ್ಳನೆ ನಕ್ಕರು. ಅಲ್ಲಿಗೆ ನಮ್ಮ ಇತಿಹಾಸ ವೀಕ್ಷಣೆ ಮುಗಿಯಿತು.

ಹೊತ್ತು ಕಳೆಯಬೇಕಲ್ಲ, ಹೊಳೆ ಮೆಟ್ಟಿಲಿಗೆ ಹೋದೆವು. ಅಮ್ಮ ಸೀರೆ ತುಸು ಎತ್ತಿಕೊಂಡು ನೀರಿಗಿಳಿದು ಬೊಗಸೆ ತುಂಬಿ ಕುಡಿದಳು, ಇನ್ನೊಂದು ಬೊಗಸೆ ಕುಡಿದಳು. "ಸಾಕು ಮಾರಾಯ್ತಿ, ಹೋಟ್ಲಲ್ಲಿ ಊಟ ಇದೆ," ಅಂತ ಅಪ್ಪ ಕೂಗಿದರು. "ಇರ್ರೀ. ಇಷ್ಟು ವರ್ಷ ಭದ್ರೆ ನೀರು ಕುಡಿದೂ ಕುಡಿದೂ ಗಂಟಲು ಕಟ್ಟಿಬಿಟ್ಟಿದೆ. ತುಂಗೆ ನೀರು ಬಿದ್ರೆ ಬಿಡುತ್ತೆ," ಅಂದಳು. ಇದೇ ಹೊಳೆ ಮುಂದೆ ಹೋಗಿ ಅವಳ ಊರಿನ ಪಕ್ಕ ಹಾಯುತ್ತದೆ. ಆವತ್ತು ಅವಳಲ್ಲಿ ಇದ್ದ ಗೆಲುವು ನನಗೆ ಹೊಸದು. ನನ್ನಮ್ಮ ಇಷ್ಟು ಚಿಕ್ಕವಳು ಅಂತ ನನಗೆ ಮೊದಲು ಅನ್ನಿಸಿದ್ದು ಆ ಮೆಟ್ಟಿಲ ಮೇಲೆ. ಆಗ ಅವಳಿಗೆ ಮೂವತ್ತನಾಲ್ಕೋ ಮೂವತ್ತೈದೋ.

ಹೋಟೆಲಿನಲ್ಲಿ ಫ್ಯಾಮಿಲಿ ರೂಮು ಅಂತ ಒಂದು ಇತ್ತು: ಪ್ಲೈವುಡ್ಡಿನ ಮೂರು ಗೋಡೆ, ಒಂದು ಕರ್ಟನ್ನು. ಒಳಗೆ ಕೂತ ಕೂಡಲೇ ನಮಗೆ ದೊಡ್ಡ ಮನುಷ್ಯರಾದ ಹಾಗೆ ಆಯಿತು. ಸಪ್ಲೈಯರ್ ಬಂದು ಏನು ಬೇಕು ಅಂದರು. ಅಮ್ಮ ಅಭ್ಯಾಸ ಬಲದಿಂದ ಪಿಸುಗುಟ್ಟಿದಳು. ಅವರು, "ಏನಮ್ಮಾ?" ಅಂದರು. ಅಮ್ಮ ಮತ್ತೆ ಪಿಸುಗುಟ್ಟಿದಳು. ಅವರು ಬಗ್ಗಿದರು. ಕೊನೆಗೆ ಅಪ್ಪ, "ಮಸಾಲೆ ದೋಸೆ ಅಂತೆ ಕಣ್ರೀ!" ಅಂತ ಕೂಗಿದ ರಭಸಕ್ಕೆ ಹೊರಗಿನ ಟೇಬಲ್ಲಿನವರು ಕರ್ಟನ್ ಸರಿಸಿ ನೋಡಿದರು. ಆಗ ಗೋಬಿ ಮಂಚೂರಿ ಹೊಸದಾಗಿ ಬಂದಿತ್ತು. ಕಾರ್ಖಾನೆಯಲ್ಲಿ ಯಾರೋ ಹೇಳಿದ್ದರು ಅಂತ ಅಪ್ಪ ಅದನ್ನೂ ತರಿಸಿದರು. ಅಮ್ಮ ಒಂದು ಚೂರು ಬಾಯಿಗಿಟ್ಟು, ಕಣ್ಣರಳಿಸಿ, "ಹೂಕೋಸಿಗೆ ಬೋಂಡದ ವೇಷ ಹಾಕಿ ಸಾಸ್ ಸ್ನಾನ ಮಾಡ್ಸಿದಾರೆ," ಅಂದಳು. ಆಮೇಲೆ ಮುಕ್ಕಾಲು ಪ್ಲೇಟು ಅವಳೇ ತಿಂದಳು.

ನಾಟಕದ ಥಿಯೇಟರು ಅಂದರೆ ತಗಡಿನ ದೊಡ್ಡ ಶೆಡ್ಡು. ಮುಂದೆ ಕುರ್ಚಿ, ಹಿಂದೆ ಬೆಂಚು, ಅದರ ಹಿಂದೆ ನೆಲ. ನಮ್ಮದು ಕುರ್ಚಿ ಮುಗಿದು ಬೆಂಚು ಶುರುವಾಗುವ ಮೊದಲ ಸಾಲು. ಅಪ್ಪ ಸೀಟು ಬದಲಿಸಿದರು, ನನಗೆ ಚೆನ್ನಾಗಿ ನೆನಪಿದೆ. ಮೊದಲು ಆ ತುದಿಗೆ ಕೂತಿದ್ದವರು ಎದ್ದು ಬಂದು ಸುಮಾಳನ್ನು ಈಚೆ ತಳ್ಳಿ ಅಮ್ಮನ ಪಕ್ಕಕ್ಕೇ ಕೂತರು, ತಮ್ಮ ಬಲಗಿವಿ ಅಮ್ಮನ ಕಡೆಗೆ ಬರುವ ಹಾಗೆ. ಆಗಲೇ ಅವರಿಗೆ ಎಡಗಿವಿ ಮಂದವಾಗಿತ್ತು. ನಾಟಕ ನೋಡುವುದಕ್ಕೆ ಕಿವಿಯನ್ನು ಸ್ಟೇಜಿನ ಕಡೆಗೆ ಇಟ್ಟುಕೊಳ್ಳುವುದು ಬಿಟ್ಟು ಇದೇನು ಅಂತ ನನಗೆ ಅನ್ನಿಸಬೇಕಿತ್ತು. ಅನ್ನಿಸಲಿಲ್ಲ, ಯಾಕೆಂದರೆ ಆಗ ನನ್ನ ಗಮನವೆಲ್ಲ ನಮ್ಮ ಮುಂದಿನ ಕುರ್ಚಿ ಸಾಲಿನ ಮೇಲಿತ್ತು. ಅಲ್ಲಿ ಶ್ರೀವಿದ್ಯಾ ಕೂತಿದ್ದಳು.

ಶ್ರೀವಿದ್ಯಾ ನನ್ನ ಕ್ಲಾಸು, ಕಾರ್ಖಾನೆಯ ಆಫೀಸರರ ಮಗಳು. ಹುಣಸೆಮರಗಳಿರುವ ದೊಡ್ಡ ಕ್ವಾರ್ಟರ್ಸಿನಲ್ಲಿ ಅವರ ಮನೆ. ಅವಳ ಸ್ನೇಹಕ್ಕಾಗಿ ನಾನು ಏನೇನು ಕಸರತ್ತು ಮಾಡಿದ್ದೆನೋ, ಹೇಳಿಕೊಳ್ಳಲು ನಾಚಿಕೆ. ಒಂದು ದಿನ ಅವಳು, "ನೀನ್ಯಾಕೆ ಇಷ್ಟು ಮೆತ್ತಗೆ ಮಾತಾಡ್ತೀಯಾ?" ಅಂತ ಕೇಳಿದ್ದಕ್ಕೆ ನಾನು, "ನಮ್ಮನೇಲಿ ಯಾರೂ ಜೋರಾಗಿ ಮಾತಾಡೋದೇ ಇಲ್ಲ. ನಮ್ಮಮ್ಮಂಗೆ ಅದೆಲ್ಲ ಹಿಡಿಸಲ್ಲ," ಅಂದಿದ್ದೆ. ಟವೆಲ್ಲಿನ ಮಾತು ಎತ್ತದೆ, ನಮ್ಮ ಪಿಸುಮಾತನ್ನು ಸಂಸ್ಕಾರ ಅಂತ ಮಾರಿಬಿಟ್ಟಿದ್ದೆ. ಅವಳು ನಂಬಿದ್ದಳು. ಈಗ ತಿರುಗಿ ನೋಡಿ, "ಹಾಯ್ ಶೋಭಾ," ಅಂದಳು. ನಾನು ಬೆನ್ನು ನೆಟ್ಟಗೆ ಮಾಡಿಕೊಂಡೆ.

ಮೂರನೇ ಬೆಲ್ಲಾಯಿತು, ಪರದೆ ಎದ್ದಿತು. ರಾಜ ಬಂದ, ಆರ್ಭಟಿಸಿದ. ಹಾಸ್ಯಗಾರ ಬಂದು ಬಿದ್ದ, ಎದ್ದ. ಅಪ್ಪ ತೊಡೆ ತಟ್ಟಿಕೊಂಡು ನಕ್ಕರು. ರಾಣಿ ಕಾಡಿಗೆ ಹೋದಳು, ಬಟ್ಟೆ ಸುತ್ತಿದ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಳು. ಹಾರ್ಮೋನಿಯಂ ಶುರುವಾಯಿತು.

"ಎಲೆಯೇ ಹಾಸಿಗೆ ಕಂದಾ, ಮರವೇ ಅರಮನೆ..."

ಮೊದಲು ಅಮ್ಮನ ತುಟಿ ಮಾತ್ರ ಆಡುತ್ತಿತ್ತು. ಹಾಡು ಮುಗಿಯಿತು, ಜನ ಒನ್ಸ್ ಮೋರ್ ಅಂತ ಕೂಗಿದರು. ಎರಡನೇ ಸಲ ಶುರುವಾದಾಗ ಅಮ್ಮ ಹಾಡಿಬಿಟ್ಟಳು. ಗುನುಗಿದ್ದಲ್ಲ ಕಣ್ರೀ, ಹಾಡಿದ್ದು. ಗಂಟಲು ಬಿಟ್ಟು, ಕಣ್ಣು ಮುಚ್ಚಿಕೊಂಡು, ಎದೆಯಿಂದ. ಆ ದನಿ ಇಷ್ಟು ವರ್ಷ ನಮ್ಮ ಎರಡು ಕೋಣೆಯ ಮನೆಯಲ್ಲಿ ಎಲ್ಲಿತ್ತೋ! ಸ್ಟೇಜಿನ ಮೇಲಿನ ರಾಣಿ ಒಂದು ಕ್ಷಣ ನಮ್ಮ ಕಡೆ ನೋಡಿ ನಕ್ಕಳು, ತನ್ನ ದನಿಯನ್ನು ಸ್ವಲ್ಪ ತಗ್ಗಿಸಿದಳು. ಹಾರ್ಮೋನಿಯಂ ಮೇಷ್ಟ್ರು ಕತ್ತು ಉದ್ದ ಮಾಡಿದರು. ಅಕ್ಕಪಕ್ಕದವರು ತಿರುಗಿದರು. ಅಪ್ಪ ಮಾತ್ರ ಎತ್ತಲೂ ನೋಡದೆ ತಲೆ ತಗ್ಗಿಸಿಕೊಂಡು ಕೂತಿದ್ದರು.

ಆಗ ಶ್ರೀವಿದ್ಯಾ ತಿರುಗಿ ಅಮ್ಮನನ್ನು ನೋಡಿದಳು, ಆಮೇಲೆ ನನ್ನನ್ನು ನೋಡಿದಳು. ಅವಳು ನಕ್ಕಳು. ಮೆಚ್ಚಿ ನಕ್ಕಳೋ ಅಣಕಿಸಿ ನಕ್ಕಳೋ ನನಗೆ ಇವತ್ತಿಗೂ ಗೊತ್ತಿಲ್ಲ. ನಾನು ಅಮ್ಮನ ಮೊಣಕೈ ಜಗ್ಗಿದೆ. ಅವಳು ಕಣ್ಣು ತೆರೆದಳು. ನಾನು ಬೆರಳನ್ನು ತುಟಿಯ ಮೇಲಿಟ್ಟೆ.

ಅಷ್ಟೇ ಮಾಡಿದ್ದು ನಾನು. ಒಂದು ಮಾತೂ ಆಡಲಿಲ್ಲ. ಅಮ್ಮ ಹಾಡಿನ ಸಾಲಿನ ಮಧ್ಯದಲ್ಲಿ, ಬಾಯಿ ಇನ್ನೂ ತೆರೆದಿದ್ದ ಹಾಗೆಯೇ ನಿಲ್ಲಿಸಿದಳು. ಸ್ಟೇಜಿನ ರಾಣಿ ಹಾಡು ಮುಂದುವರಿಸಿದಳು. ಅಪ್ಪ ತಲೆ ಎತ್ತಿ ಅಮ್ಮನ ಕಡೆ ಬಾಗಿ, ಸುತ್ತಲಿನ ನಾಲ್ಕು ಸಾಲಿಗೂ ಕೇಳುವ ಹಾಗೆ, "ಯಾಕೆ ನಿಲ್ಲಿಸ್ಬಿಟ್ಟೆ?" ಅಂದರು. ಅಮ್ಮ ನನ್ನನ್ನು ನೋಡಲಿಲ್ಲ. "ಸಾಲು ಮರೆತೋಯ್ತು ಕಣ್ರೀ," ಅಂದಳು.

ಜನ ಇನ್ನೊಂದು ಸಲ ಒನ್ಸ್ ಮೋರ್ ಕೂಗಿದರು. ಅಪ್ಪ ಎಲ್ಲರಿಗಿಂತ ಜೋರಾಗಿ ಕೂಗಿದರು. ರಾಣಿ ಮತ್ತೆ ಹಾಡಿದಳು. ಅಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ಸುಮ್ಮನೆ ಕೂತಿದ್ದಳು. ವಾಪಸ್ಸು ಬರುವ ಬಸ್ಸಿನಲ್ಲಿ ಅವಳು ನನ್ನ ತಲೆಯನ್ನು ತನ್ನ ಭುಜಕ್ಕೆ ಒರಗಿಸಿಕೊಂಡು, ಕಿಟಕಿಯ ಗಾಳಿ ಬಡಿಯದ ಹಾಗೆ ಸೆರಗು ಹೊದೆಸಿದಳು. ಬೈದಿದ್ದರೆ ಚೆನ್ನಾಗಿತ್ತು.

ಈ ಶ್ರೀವಿದ್ಯಾ ಮುಂದಿನ ವರ್ಷವೇ ಅವರಪ್ಪನಿಗೆ ವರ್ಗವಾಗಿ ಊರು ಬಿಟ್ಟಳು. ಯಾರ ಕಣ್ಣಿಗೆ ದೊಡ್ಡವಳಾಗಿ ಕಾಣಬೇಕು ಅಂತ ನಾನು ಹಾಗೆ ಮಾಡಿದೆನೋ, ಅವಳ ಮುಖ ಕೂಡ ಈಗ ನನಗೆ ಸರಿಯಾಗಿ ನೆನಪಿಲ್ಲ. ಹಲ್ಲಿಗೆ ಕ್ಲಿಪ್ ಹಾಕಿದ್ದಳು ಅನ್ನುವುದಷ್ಟೇ ನೆನಪು. ಅಯ್ಯೋ, ನನ್ನ ಬುದ್ಧಿಗೆ ಏನು ಹೇಳಲಿ!

ಆಮೇಲೆ ಅಮ್ಮ ಹಾಡಲಿಲ್ಲ. ನಾನು ಒಂದೆರಡು ಸಲ, ಏನೂ ಆಗಿಲ್ಲದವಳ ಹಾಗೆ, "ಆ ಜೋಗುಳ ಹಾಡಮ್ಮಾ," ಅಂದೆ. "ಮರೆತೋಗಿದೆ ಕಣೇ," ಅಂದಳು. ನನ್ನ ಮಗಳನ್ನು ತೊಟ್ಟಿಲಿಗೆ ಹಾಕಿದ ದಿನ ನಮ್ಮ ಅತ್ತೆಯ ಕಡೆಯವರೆಲ್ಲ ಹಾಡಿದರು. ಅಮ್ಮ ತೊಟ್ಟಿಲ ಹಗ್ಗ ಹಿಡಿದು ತೂಗಿದಳು, ಅಷ್ಟೇ.

ಎರಡು ಸಾವಿರನೇ ಇಸವಿಯ ಈಚೆಗೆ ಅಪ್ಪ ನಿವೃತ್ತರಾದರು. ಚಿಲಕದಲ್ಲಿ ಟವೆಲ್ ಕಟ್ಟುವ ಕೆಲಸ ಇಲ್ಲವಾಯಿತು. ಅಷ್ಟರಲ್ಲಿ ಅವರ ಎರಡೂ ಕಿವಿ ಹೆಚ್ಚುಕಡಿಮೆ ಹೋಗಿದ್ದವು. ಮಿಲ್ಲಿನವರಿಗೆಲ್ಲ ಅದು ಇದ್ದದ್ದೇ. ಕಿವಿಗೆ ಹಾಕುವ ಮಷೀನು ಕೊಡಿಸಿದೆವು. "ಮನುಷ್ಯರ ಮಾತೂ ಒಂದೇ, ಕಾಗೆ ಕೂಗಿದ್ದೂ ಒಂದೇ ಮಾಡಿ ತುಂಬುತ್ತೆ," ಅಂತ ಅವರು ಅದನ್ನು ಡಬ್ಬಿಯಲ್ಲಿ ಹಾಕಿಟ್ಟರು. ಕೂಗಿ ಹೇಳಿದರೆ ಅರ್ಧ ಕೇಳುತ್ತಿತ್ತು, ಇನ್ನರ್ಧ ಮುಖ ನೋಡಿ ತಿಳಿದುಕೊಳ್ಳುತ್ತಿದ್ದರು.

ನನ್ನ ಮನೆ ಈಗ ಶಿವಮೊಗ್ಗದ ರಾಗಿಗುಡ್ಡದ ಕಡೆ. ಒಂದು ಸಲ ಅಪ್ಪ ಅಮ್ಮ ಬಂದಿದ್ದಾಗ, "ಬನ್ನಿ, ಆ ಅರಮನೆ ನೋಡೇ ಬಿಡೋಣ, ಇವತ್ತು ಎಲ್ಲರ ಭಾನುವಾರ," ಅಂತ ಆಟೋ ಹತ್ತಿಸಿದೆ. ಈ ಸಲ ಗೇಟು ತೆರೆದಿತ್ತು. ಅಮ್ಮ ನನ್ನ ಮಗಳ ಕೈ ಹಿಡಿದು ಎಮ್ಮೆ ಕಟ್ಟುವ ಕಲ್ಲು ತೋರಿಸಲು ಹೋದಳು. ಅಪ್ಪ ಕಾಲು ನೋವು ಅಂತ ಜಗಲಿಯ ಮೇಲೆ, ಮರದ ಕಂಬಕ್ಕೆ ಒರಗಿ ಕೂತರು. ನಾನು ಪಕ್ಕದಲ್ಲಿ ಕೂತೆ. ಆವತ್ತಿನ ಸೋಮವಾರದ ಮಾತು ಬಂತು.

"ಅರಮನೆ ತಪ್ಪಿದ್ದಕ್ಕೆ ನಂಗೇನೂ ಬೇಜಾರಿಲ್ಲ ಬಿಡು," ಅಂದರು ಅಪ್ಪ, ಅಂಗಳದ ಆ ತುದಿಗೆ ಕೇಳುವ ದನಿಯಲ್ಲಿ. "ನಾನು ನಿಮ್ಮನ್ನ ಕರ್ಕೊಂಡು ಹೋಗಿದ್ದು ಅರಮನೆಗಲ್ಲ. ನಾಟಕಕ್ಕೂ ಅಲ್ಲ."

"ಮತ್ತೆ?" ಅಂತ ಕೈಸನ್ನೆ ಮಾಡಿದೆ.

ಅವರು ಸುತ್ತ ನೋಡಿ, ತಮ್ಮ ಮಟ್ಟಿಗೆ ಸಣ್ಣ ದನಿ ಅಂದುಕೊಂಡದ್ದರಲ್ಲಿ ಹೇಳಿದರು. ಮದುವೆಗೆ ಮೊದಲು, ಕೆಲಸಕ್ಕೆ ಸೇರಿದ ಹೊಸದರಲ್ಲಿ, ಜೊತೆಗಾರನೊಬ್ಬ ಕರೆದ ಅಂತ ಹೊಳಲೂರಿನ ನಾಟಕಕ್ಕೆ ಹೋಗಿದ್ದರಂತೆ. "ರಾಣಿ ಬಾಯಿಗೂ ಹಾಡಿಗೂ ಸಂಬಂಧಾನೇ ಇಲ್ಲ! ಆಮೇಲೆ ವಿಚಾರಿಸ್ದೆ, ಪರದೆ ಹಿಂದೆ ಯಾರು ಅಂತ. ನಾಟಕದ ಮೇಷ್ಟ್ರ ತಂಗಿ ಅಂದ್ರು. ಮುಖ ಕೂಡ ನೋಡಿರ್ಲಿಲ್ಲ ಕಣೇ. ಹಾಡು ಕೇಳಿ ಹೆಣ್ಣು ಕೇಳಿದ್ದು ನಾನು."

"ಅಮ್ಮಂಗೆ ಗೊತ್ತಾ?" ಅಂತ ಕಿವಿಯ ಹತ್ತಿರ ಕೂಗಿದೆ.

"ಥೂ, ಅದೆಲ್ಲ ಹೇಳ್ತಾರಾ? ನಾಚ್ಕೆ." "ಮದುವೆ ಆದ್ಮೇಲೆ ಅವಳು ಹಾಡ್ಲೇ ಇಲ್ಲ. ನಾನು ಮಲಗಿರ್ತೀನಿ ಅಂತ ಮನೆಯೆಲ್ಲ ಸ್ಮಶಾನ ಮಾಡಿ ಇಡ್ತಿದ್ರಿ ನೀವು. ಆ ಮಿಲ್ಲಿನ ಸದ್ದಲ್ಲಿ ನಿಂತು ಬಂದೋನಿಗೆ ಅಷ್ಟು ಸುಮ್ನಿದ್ರೆ ನಿದ್ದೆ ಎಲ್ಲಿಂದ ಬರ್ಬೇಕು? ಕಣ್ಣು ಬಿಟ್ಕೊಂಡು ತೊಲೆ ಎಣಿಸ್ತಾ ಬಿದ್ದಿರ್ತಿದ್ದೆ. ಅಡಿಗೆಮನೇಲಿ ಅವಳು ಒಂದು ಹಾಡು ಹೇಳ್ಕೊಂಡಿದ್ರೆ ಸುಖವಾಗಿ ನಿದ್ದೆ ಮಾಡ್ತಿದ್ದೆ."

"ಹೇಳ್ಬಾರ್ದಿತ್ತಾ ಅಪ್ಪಾ!"

"ನೀವು ಅಷ್ಟೊಂದು ಕಷ್ಟಪಟ್ಟು ನನಗೋಸ್ಕರ ಸುಮ್ನಿರೋದು ನೋಡಿ ಹೇಳೋಕೆ ಮನಸ್ಸು ಬರ್ಲಿಲ್ಲ. ಅದಕ್ಕೇ ಆವತ್ತು ನಾಟಕಕ್ಕೆ ಕರ್ಕೊಂಡು ಹೋದೆ. ಅದೇ ಹಾಡು ಬಂದ್ರೆ ಅವಳು ತಡ್ಕೊಳಲ್ಲ ಅಂತ ಗೊತ್ತಿತ್ತು ನಂಗೆ. ಹಾಡಿದ್ಲಲ್ಲ! ಆದ್ರೆ ಅರ್ಧಕ್ಕೇ ಸಾಲು ಮರೆತುಬಿಟ್ಲು ನೋಡು."

ನಾನು ಆ ಜಗಲಿಯ ಮೇಲೆ ಅಪ್ಪನಿಗೆ ನಿಜ ಹೇಳಬೇಕಿತ್ತು. ಅಂಗಳದ ತುಂಬ ಜನ ಇದ್ದರು. ಆ ಕಿವಿಗೆ ಕೂಗಿ ಹೇಳಬೇಕಿತ್ತು. ನನಗೆ ಆಗಲಿಲ್ಲ.

ಮನೆಗೆ ಬಂದ ಮೇಲೆ ಅಮ್ಮನಿಗೆ ಹೇಳಿದೆ. ಅವಳು ಹುರುಳಿಕಾಯಿ ಮುರಿಯುತ್ತಾ ಕೂತಿದ್ದಳು. ಮೊದಲು ನನ್ನ ತಪ್ಪನ್ನು ಹೇಳಿಕೊಂಡೆ: "ಅಮ್ಮಾ, ಆವತ್ತು ನಾಟಕದಲ್ಲಿ ನಾನು..." ಅವಳು ಮುಗಿಸಲು ಬಿಡಲಿಲ್ಲ. "ಬಿಡೇ, ಹುಡುಗು ಬುದ್ಧಿ. ಆ ಕ್ಲಿಪ್ ಹಾಕಿದ್ದ ಹುಡುಗಿ ಮುಂದೆ ನಿಂಗೆ ಅವಮಾನ ಆಯ್ತು. ನಾನೂ ಸ್ವಲ್ಪ ಜೋರಾಗೇ ಹಾಡಿಬಿಟ್ಟೆ," ಅಂದಳು. ಕ್ಲಿಪ್ಪು ಅವಳಿಗೂ ನೆನಪಿತ್ತು. ಇಷ್ಟು ವರ್ಷ ಅವಳು ಒಂದನ್ನೂ ಮರೆತಿರಲಿಲ್ಲ. ನನಗೆ ಅಳು ತಡೆಯಲಾಗಲಿಲ್ಲ. ಆಮೇಲೆ ಅಪ್ಪ ಜಗಲಿಯ ಮೇಲೆ ಹೇಳಿದ್ದನ್ನು ಹೇಳಿದೆ. ಪರದೆಯ ಕಥೆ, ನಿದ್ದೆ ಬರದ ಕಥೆ, ಎಲ್ಲ. ಅಮ್ಮನ ಕೈ ನಿಂತಿತು. "ಇವರಿಗೇನು ಬಾಯಿ ಇರ್ಲಿಲ್ವಾ?" ಅಂದಳು. ಅಪ್ಪನಿಗೆ ಬಾಯಿ ಇರಲಿಲ್ಲ ಅಂತ ಜನ್ನಾಪುರದಲ್ಲಿ ಯಾರೂ ಹೇಳಲಾರರು.

ಸಂಜೆ ದೀಪ ಹಚ್ಚುವ ಹೊತ್ತು ಅವಳೇ ಹಾಲಿಗೆ ಬಂದಳು. ಅಪ್ಪನ ಭುಜ ತಟ್ಟಿ, ಕಿವಿಯ ಕಡೆ ಬೆರಳು ಮಾಡಿ ತೋರಿಸಿದಳು. ಅಪ್ಪ ಗಾಬರಿಯಾಗಿ ನನ್ನ ಮುಖ ನೋಡಿದರು. ನಾನು, "ಅಮ್ಮ ಹಾಡ್ತಾಳಂತೆ!" ಅಂತ ಕೂಗಿದೆ. ಅವರು ಎದ್ದು ಹೋಗಿ ಡಬ್ಬಿಯಿಂದ ಮಷೀನು ತಂದು, ಕಿವಿಗೆ ಸಿಕ್ಕಿಸಿಕೊಂಡು, ಅದರ ಸದ್ದು ಹೆಚ್ಚಿಸುವ ಗಾಲಿ ತಿರುಗಿಸಿ ಕೂತರು. ನಾನು ಟೀವಿ ಆರಿಸಿದೆ, ಫ್ಯಾನು ನಿಲ್ಲಿಸಿದೆ. ಅಪ್ಪ ಕಣ್ಣು ಮುಚ್ಚಿಕೊಂಡರು.

ಅಮ್ಮ ಶುರು ಮಾಡಿದಳು. ಒಂದು ಸಾಲೂ ಮರೆತಿರಲಿಲ್ಲ. ಆದರೆ ದನಿ ಏಳಲಿಲ್ಲ. ಅವಳು ಏಳಿಸಲು ನೋಡಿದಳು, ಕತ್ತಿನ ನರ ಉಬ್ಬಿತು. ಆ ದನಿ ಮನೆಯಲ್ಲಿ ಯಾರೋ ಮಲಗಿದ್ದಾರೆ ಅನ್ನುವ ಹಾಗೆ ತುಟಿಯ ಹತ್ತಿರವೇ ನಿಂತಿತ್ತು. ಪಕ್ಕದಲ್ಲೇ ಕೂತಿದ್ದ ನಾನು ಬಗ್ಗಿ ಕೇಳಬೇಕಾಯಿತು. ಆದರೂ ಅವಳು ನಿಲ್ಲಿಸಲಿಲ್ಲ. ಪಲ್ಲವಿ ಮುಗಿಸಿದಳು, ಮೊದಲ ಚರಣ ಮುಗಿಸಿದಳು, ಅಪ್ಪನ ಮುಚ್ಚಿದ ಕಣ್ಣುಗಳನ್ನೇ ನೋಡುತ್ತಾ ಎರಡನೇ ಚರಣ ಎತ್ತಿಕೊಂಡಳು.

ಅಪ್ಪ ಕಣ್ಣು ತೆರೆಯದೆ, ನನ್ನ ಕಡೆ ಸ್ವಲ್ಪ ವಾಲಿ, "ಶುರು ಮಾಡಿದ್ಲಾ?" ಅಂತ ಕೇಳಿದರು.